ಊರಿನ ಮಕ್ಕಳ ಲೈಬ್ರೆರಿ, ದೂರದವರ ಇನ್ನೂರು ರೂಪಾಯಿ

ನಮ್ಮ ಕಡೆಯ ಯಾವುದೇ ಜಮಾಅತಿಗೆ ಹೋಗಿ. ಮಸೀದಿಯ ಕಚೇರಿಯಲ್ಲೋ ಮದ್ರಸದ ಜಗಲಿಯಲ್ಲೋ ಗೋಡೆಗೆ ಒಂದು ಪಟ್ಟಿ ಇದ್ದೇ ಇರುತ್ತದೆ. ಫ್ಯಾನ್ ಕೊಟ್ಟವರು, ಕಾರ್ಪೆಟ್ ಹಾಸಿದವರು, ಬೋರ್‌ವೆಲ್ ತೋಡಿಸಿದವರು, ಮೈಕ್ ಸೆಟ್ ತಂದುಕೊಟ್ಟವರು. ಹೆಸರಿನ ಪಕ್ಕದಲ್ಲಿ ದಮಾಮ್, ಜುಬೈಲ್, ರಿಯಾದ್, ದುಬೈ, ದೋಹಾ, ಮಸ್ಕತ್ ಎಂದು ಬರೆದಿರುತ್ತದೆ. ಫರಂಗಿಪೇಟೆಯಿಂದ ಕಾಶಿಪಟ್ಣದವರೆಗೆ, ಕಲ್ಲಡ್ಕದಿಂದ ಪುತ್ತಿಗೆಯವರೆಗೆ ಇದೇ ಕತೆ. 1970ರ ದಶಕದಲ್ಲಿ ಗಲ್ಫಿನ ದಾರಿ ತೆರೆದಂದಿನಿಂದ ನಮ್ಮ ಊರುಗಳ ಬಹುಪಾಲು ಭಾರ ಹೊತ್ತವರು ಊರಲ್ಲಿ ಇಲ್ಲದವರೇ.

ಆ ಪಟ್ಟಿಯಲ್ಲಿ ‘ಮಕ್ಕಳ ಕತೆ ಪುಸ್ತಕಕ್ಕೆ’ ಎಂಬ ಸಾಲು ಮಾತ್ರ ಬಹಳ ಅಪರೂಪ. ಕೊಡಲು ಜನರಿಗೆ ಮನಸ್ಸಿಲ್ಲ ಎಂದಲ್ಲ, ಕೇಳುವವರು ಕಡಿಮೆ. ಕೇಳಿದವರಿಗೂ ಎಂತ ಕೇಳಬೇಕು, ಹೇಗೆ ಕೇಳಬೇಕು ಎಂದು ಗೊತ್ತಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಮ್ಮ ಮೊಹಲ್ಲಾಗಳಲ್ಲಿ ಮಕ್ಕಳಿಗಾಗಿ ಒಂದು ಲೈಬ್ರೆರಿ ಇರಬೇಕು, ಅದು ಉದ್ಘಾಟನೆಯ ದಿನಕ್ಕೆ ಮುಗಿಯದೆ ಹತ್ತು ವರ್ಷವಾದರೂ ನಡೆಯಬೇಕು ಎಂದಾದರೆ ದೂರದವರ ಸಹಾಯ ಯಾವ ರೂಪದಲ್ಲಿ ಬರಬೇಕು ಎಂಬುದನ್ನು ಸ್ವಲ್ಪ ಕೂತು ಯೋಚಿಸಬೇಕಾಗಿದೆ.

ಕಪಾಟು ಬಂತು, ಬೀಗವೂ ಬಂತು

ಸಣ್ಣ ಲೈಬ್ರೆರಿಗಳು ಹುಟ್ಟುವ ರೀತಿ ಎಲ್ಲ ಕಡೆ ಒಂದೇ. ಯುವಕರ ಒಂದು ಸಂಘ ಮುಂದೆ ಬರುತ್ತದೆ. ಯಾರೋ ಒಂದು ಕೋಣೆ ಬಿಟ್ಟುಕೊಡುತ್ತಾರೆ, ಯಾರೋ ಒಂದು ಗಾಡ್ರೆಜ್ ಕಪಾಟು ಕೊಡುತ್ತಾರೆ. ಮನೆಮನೆಯಿಂದ ಪುಸ್ತಕ ಸಂಗ್ರಹ ಆಗುತ್ತದೆ. ಉದ್ಘಾಟನೆಯ ಫೋಟೊ ಪೇಪರಲ್ಲಿ ಬರುತ್ತದೆ. ಆರು ತಿಂಗಳ ನಂತರ ಹೋದರೆ ಬಾಗಿಲಿಗೆ ಬೀಗ. ಕೀ ಯಾರ ಹತ್ತಿರ ಎಂದು ಕೇಳಿದರೆ, ‘ಅವನು ಸೌದಿಗೆ ಹೋದ’ ಎಂಬ ಉತ್ತರ.

ಇದರಲ್ಲಿ ಯಾರ ತಪ್ಪೂ ಇಲ್ಲ. ಲೈಬ್ರೆರಿಯ ಖರ್ಚಿನ ಸ್ವಭಾವವೇ ಬೇರೆ. ಕಟ್ಟಡಕ್ಕೆ ಒಮ್ಮೆ ಹಣ ಬೇಕು, ಕಪಾಟಿಗೆ ಒಮ್ಮೆ ಬೇಕು. ಆದರೆ ಪೇಪರ್ ಬಿಲ್ಲು, ಕರೆಂಟ್ ಬಿಲ್ಲು, ಹರಿದ ಪುಸ್ತಕದ ಬೈಂಡಿಂಗ್, ಹೊಸ ಪುಸ್ತಕ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ದಿನಾ ಸಂಜೆ ಬಾಗಿಲು ತೆಗೆದು ಕೂರುವ ಒಬ್ಬರ ಗೌರವಧನ, ಇವು ತಿಂಗಳು ತಿಂಗಳು ಬೇಕು. ನಮ್ಮ ದಾನದ ಅಭ್ಯಾಸವೋ ಒಮ್ಮೆಗೇ ದೊಡ್ಡದಾಗಿ ಕೊಡುವುದು. ಕೊಟ್ಟದ್ದು ಕಣ್ಣಿಗೆ ಕಾಣಬೇಕು, ಅದರಲ್ಲಿ ಹೆಸರು ಬರೆಯಲು ಜಾಗ ಬೇಕು. ಕರೆಂಟ್ ಬಿಲ್ಲಿನ ಮೇಲೆ ಯಾರ ಹೆಸರು ಬರೆಯುವುದು ಮಾರಾಯ್ರೆ?

ಇನ್ನೊಂದು ವಿಷಯ ಪುಸ್ತಕದ್ದು. ‘ಲೈಬ್ರೆರಿಗೆ ಪುಸ್ತಕ ಕೊಡಿ’ ಎಂದರೆ ನಮ್ಮ ಮನೆಗಳಿಂದ ಬರುವುದು ಹಳೆಯ ಗೈಡ್, ಸಿಲೆಬಸ್ ಬದಲಾದ ಪಠ್ಯಪುಸ್ತಕ, ಡೈರಿ, ಕಂಪ್ಯೂಟರ್ ಕೋರ್ಸಿನ ಬುಕ್ಕು. ಮಕ್ಕಳು ಒಮ್ಮೆ ಬಂದು ನೋಡುತ್ತಾರೆ, ಎರಡನೇ ಸಲ ಬರುವುದಿಲ್ಲ. ಕಪಾಟು ತುಂಬಿದ್ದರೂ ಎಂಟು ವರ್ಷದ ಮಗು ಕೈಗೆತ್ತಿಕೊಳ್ಳುವಂತಹ ಒಂದು ಪುಸ್ತಕ ಅದರಲ್ಲಿ ಇಲ್ಲದಿದ್ದರೆ ಅದು ಲೈಬ್ರೆರಿ ಆಗುವುದಿಲ್ಲ, ಗೋಡೌನ್ ಆಗುತ್ತದೆ.

ನಮ್ಮ ಮಕ್ಕಳಿಗೆ ಇದು ಯಾಕೆ ಬೇಕು

ಕನ್ನಡದಲ್ಲಿ ಮಕ್ಕಳಿಗೆ ಬರೆಯುವ ಕೆಲಸ ಬಲವಾಗಿ ಬೇರೂರಿದ್ದು ಈ ಮಣ್ಣಿನಿಂದಲೇ. ಶಾಲಾ ಪಠ್ಯದ ಮೂಲಕ ನಾವೆಲ್ಲರೂ ಬಲ್ಲ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಬಂಟ್ವಾಳದಲ್ಲಿ. ಮೇಷ್ಟ್ರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿ, ಮಕ್ಕಳಿಗೆ ಓದಲು ಎಂತ ಬೇಕು ಎಂದು ನೋಡಿ ಬರೆದವರು. ಪುತ್ತೂರಿನಲ್ಲಿ ಬಾಲವನ ಕಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿಯೇ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಬಂಟ್ವಾಳದಲ್ಲಿ ಹುಟ್ಟಿದ ಮಗುವಿಗೆ ಇಂತಹ ಹಿರಿಯರ ಹೆಸರು ಪರೀಕ್ಷೆಯ ಪ್ರಶ್ನೆಯಾಗಿ ಮಾತ್ರ ಗೊತ್ತಿದ್ದರೆ ಅದು ನಮಗೇ ನಷ್ಟ.

ನನ್ನ ಪ್ರಾಯದವರು, ಅಂದರೆ ಈಗ ನಲ್ವತ್ತು ದಾಟಿದವರು, ಓದಲು ಕಲಿತದ್ದು ಪಠ್ಯಪುಸ್ತಕದಿಂದ ಮಾತ್ರ ಅಲ್ಲ. ಚಂದಮಾಮ ಇತ್ತು, ಬಾಲಮಂಗಳ ಇತ್ತು. ಡಿಂಗನ ಕತೆಗಾಗಿ ಕಾದು ಕೂತು, ಒಂದೇ ಪ್ರತಿಯನ್ನು ಹತ್ತು ಮನೆಯವರು ಓದಿದ ಕಾಲ ಅದು. ಚಂದಮಾಮ ನಿಂತು ಹತ್ತು ವರ್ಷಕ್ಕೂ ಹೆಚ್ಚಾಯಿತು. ಈಗ ಮಗುವಿನ ಕೈಗೆ ಸಿಗುವುದು ಮೊಬೈಲ್. ಅದನ್ನು ಕಿತ್ತುಕೊಂಡರೆ ಬದಲಿಗೆ ಎಂತ ಕೊಡುತ್ತೀರಿ ಎಂಬ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಇಲ್ಲ.

ನಮ್ಮ ಮಕ್ಕಳ ಭಾಷೆಯ ಸ್ಥಿತಿಯನ್ನೂ ನೋಡಬೇಕು. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ. ಇಷ್ಟು ಭಾಷೆ ಕಿವಿಗೆ ಬೀಳುವುದು ಭಾಗ್ಯವೇ. ಆದರೆ ಒಂದರಲ್ಲಾದರೂ ತಡವರಿಸದೆ ಓದಲು ಬಾರದಿದ್ದರೆ ಆ ಭಾಗ್ಯದಿಂದ ಪ್ರಯೋಜನ ಇಲ್ಲ. ಗಲ್ಫಿನಿಂದ ಮರಳಿದ ಕುಟುಂಬಗಳ ಮಕ್ಕಳ ಕಷ್ಟ ಇನ್ನೂ ಹೆಚ್ಚು. ಸೌದಿ ಸರಕಾರ 2017ರ ಜುಲೈಯಿಂದ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ಅದು ವರ್ಷ ವರ್ಷ ಏರಿ 2020ಕ್ಕೆ 400 ರಿಯಾಲ್ ಆಯಿತು. ಹೆಂಡತಿ, ಮೂರು ಮಕ್ಕಳಿದ್ದವನಿಗೆ ತಿಂಗಳಿಗೆ 1,600 ರಿಯಾಲ್. ಎಷ್ಟೋ ಮಂದಿ ಸಂಸಾರವನ್ನು ಊರಿಗೆ ಕಳಿಸಿ ತಾವು ಬ್ಯಾಚುಲರ್ ರೂಮಿಗೆ ಹೋದರು. ಹಾಗೆ ಬಂದ ಮಕ್ಕಳಿಗೆ ಇಂಗ್ಲಿಷ್ ಗೊತ್ತಿತ್ತು, ಕನ್ನಡದ ಒತ್ತಕ್ಷರ ಗೊತ್ತಿರಲಿಲ್ಲ. ಐದನೇ ಕ್ಲಾಸಿನ ಹುಡುಗನನ್ನು ಒಂದನೇ ಕ್ಲಾಸಿನ ಪುಸ್ತಕ ಹಿಡಿಸಿ ಕೂರಿಸಿದರೆ ಅವನಿಗೆ ನಾಚಿಕೆ. ಲೈಬ್ರೆರಿಯಲ್ಲಿ ಆದರೆ ಚಿತ್ರದ ಪುಸ್ತಕ ಯಾರು ಹಿಡಿದರೂ ಯಾರೂ ಕೇಳುವುದಿಲ್ಲ.

ಮೈಸೂರಿನ ಒಂದು ಪಾಠ

ದೂರದವರ ಸಹಾಯದ ಬಲವನ್ನೂ ಅದರ ಮಿತಿಯನ್ನೂ ಒಟ್ಟಿಗೆ ತೋರಿಸುವ ಒಂದು ಘಟನೆ ನಮ್ಮ ರಾಜ್ಯದಲ್ಲೇ ನಡೆದಿದೆ. ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಕೂಲಿ ಕೆಲಸ ಮಾಡುವವರು. ಶಾಲೆಯಲ್ಲಿ ಕಲಿಯುವ ಅವಕಾಶ ಸಿಗಲಿಲ್ಲ. ತನಗೆ ಸಿಗದ್ದು ತನ್ನ ಬೀದಿಯವರಿಗೆ ಸಿಗಲಿ ಎಂದು 2011ರಲ್ಲಿ ಒಂದು ಸಾರ್ವಜನಿಕ ಗ್ರಂಥಾಲಯ ಶುರು ಮಾಡಿದರು. ಹತ್ತು ವರ್ಷದಲ್ಲಿ ಅಲ್ಲಿ ಸುಮಾರು 11 ಸಾವಿರ ಪುಸ್ತಕ ಸೇರಿತು, ಹೆಚ್ಚಿನವು ಕನ್ನಡದವು. ಕುರ್‌ಆನ್, ಭಗವದ್ಗೀತೆ, ಬೈಬಲ್ ಒಂದೇ ಸೂರಿನಡಿ ಇದ್ದವು. ದಿನಪತ್ರಿಕೆಗಳಿಗೆ, ಮೇಲ್ವಿಚಾರಣೆಗೆ ಬೇಕಾದ ಖರ್ಚನ್ನು ತನ್ನ ದುಡಿಮೆಯಿಂದಲೇ ಹೊರುತ್ತಿದ್ದರು.

2021ರ ಎಪ್ರಿಲ್ 9ರ ನಸುಕಿನಲ್ಲಿ ಆ ಗ್ರಂಥಾಲಯ ಬೆಂಕಿಗೆ ಬಿತ್ತು. ಪುಸ್ತಕ ಎಲ್ಲ ಬೂದಿ. ಸುದ್ದಿ ಹರಡಿದ್ದೇ ತಡ, ದೇಶ-ವಿದೇಶದಿಂದ ಜನ ಸಹಾಯಕ್ಕೆ ನಿಂತರು. ಆನ್‌ಲೈನ್ ದೇಣಿಗೆ ಅಭಿಯಾನದಲ್ಲಿ ಕೆಲವೇ ದಿನಗಳಲ್ಲಿ 25 ಲಕ್ಷ ರೂಪಾಯಿಗೂ ಹೆಚ್ಚು ಸೇರಿತು. ಇಸಾಕ್ ಸಾಹೇಬರನ್ನು ಕಂಡೂ ಕೇಳಿಯೂ ಇಲ್ಲದ ಜನ ನೂರು, ಐನೂರು, ಸಾವಿರ ಹಾಕಿದರು. ಅಷ್ಟರಲ್ಲಿ ಸರಕಾರದ ಕಡೆಯಿಂದ ‘ನಾವೇ ಕಟ್ಟಿಸಿ ಕೊಡುತ್ತೇವೆ’ ಎಂಬ ಭರವಸೆ ಬಂತು. ಅಭಿಯಾನ ನಿಂತಿತು, ಹಣವನ್ನು ದಾನಿಗಳಿಗೇ ವಾಪಸು ಮಾಡುವುದಾಗಿ ಅದನ್ನು ನಡೆಸಿದವರು ತಿಳಿಸಿದರು.

ಇದರಿಂದ ಕಲಿಯಬೇಕಾದ್ದು ಎರಡು. ಮೊದಲನೆಯದು, ಒಂದು ಒಳ್ಳೆಯ ಕೆಲಸದ ಸುದ್ದಿ ತಲುಪಿದರೆ ದೂರದವರು ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಎರಡನೆಯದು, ಆ ಹಣ ಬಂದದ್ದು ಬೆಂಕಿ ಬಿದ್ದ ಮೇಲೆ. ಬೆಂಕಿಗೆ ಮುಂಚಿನ ಹತ್ತು ವರ್ಷ ಒಬ್ಬ ಕೂಲಿ ಕಾರ್ಮಿಕ ತನ್ನ ಜೇಬಿನಿಂದ ಪೇಪರ್ ಬಿಲ್ಲು ಕಟ್ಟುತ್ತಿದ್ದಾಗ ದೂರದವರಿಗೆ ಅವರ ವಿಷಯ ಗೊತ್ತೇ ಇರಲಿಲ್ಲ. ಕೋಣೆ ಉರಿದಾಗ ಹರಿದು ಬರುವ ಅನುಕಂಪದ ನೂರರಲ್ಲಿ ಒಂದು ಪಾಲು, ಕೋಣೆ ಸರಿಯಾಗಿ ನಡೆಯುತ್ತಿರುವಾಗ ತಿಂಗಳು ತಿಂಗಳು ಬಂದಿದ್ದರೆ ಅದರಿಂದ ಆಗುವ ಉಪಕಾರ ಬೇರೆಯೇ.

ನಮ್ಮವರೇ ಆದ ಹರೇಕಳ ಹಾಜಬ್ಬರ ಕತೆ ಎಲ್ಲರಿಗೂ ಗೊತ್ತು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದವರು, ನ್ಯೂಪಡ್ಪುವಿನ ಮದ್ರಸದ ಕೋಣೆಯಲ್ಲಿ 28 ಮಕ್ಕಳಿಂದ ಶಾಲೆ ಶುರು ಮಾಡಿಸಿದರು. 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು. ಪತ್ರಿಕೆಗಳು ಬರೆದ ಮೇಲೆ ದೂರದೂರಿಂದ ಸಹಾಯ ಬಂತು, ಪ್ರಶಸ್ತಿಯ ಹಣವನ್ನೂ ಅವರು ಶಾಲೆಗೇ ಸುರಿದರು. ಆದರೆ ಸಹಾಯ ಬಂದು ಸೇರಲು ಅಲ್ಲಿ ಒಬ್ಬ ಹಾಜಬ್ಬ ಇದ್ದರು. ದಿನಾ ಕಚೇರಿಗಳಿಗೆ ಅಲೆಯುವ, ಬೆಳಗ್ಗೆ ಶಾಲೆಯ ಅಂಗಳ ನೋಡಿಕೊಳ್ಳುವ ಒಬ್ಬರು. ದೂರದ ಬಲಕ್ಕೆ ಊರಲ್ಲಿ ಒಂದು ಕಂಬ ಬೇಕು.

ಮೂಡುಬಿದಿರೆಯ ಓಲೆಗರಿ, ಮರ್ವ್‌ನ ಹಣ್ಣಿನ ವ್ಯಾಪಾರಿ

ಈ ವಿಷಯ ಹೊಸತು ಎಂದು ತಿಳಿಯಬೇಡಿ. ಮೂಡುಬಿದಿರೆಯ ಬಸದಿಯಲ್ಲಿ ಜೈನರ ಧವಲಾ ಗ್ರಂಥಗಳ ಓಲೆಗರಿ ಶತಮಾನಗಳಿಂದ ಭದ್ರವಾಗಿ ಉಳಿದಿದ್ದವು. ಬೇರೆ ಎಲ್ಲೂ ಅದರ ಪ್ರತಿ ಇರಲಿಲ್ಲ. ಹಳಗನ್ನಡ ಲಿಪಿ, ಓದಬಲ್ಲವರು ಬೆರಳೆಣಿಕೆ. 19ನೇ ಶತಮಾನದ ಕೊನೆಗೆ ಯಾತ್ರೆಗೆ ಬಂದ ಮುಂಬೈ, ಸೋಲಾಪುರದ ವ್ಯಾಪಾರಿಗಳು ಅದನ್ನು ನೋಡಿ, ಇದು ಹಾಳಾದರೆ ಎಲ್ಲಿ ಹುಡುಕುವುದು ಎಂದು ಚಿಂತೆ ಮಾಡಿದರು. ಊರಿಗೆ ಹೋಗಿ ಹಣ ಕೂಡಿಸಿದರು. ಇಲ್ಲಿ ಕೂತು ಪ್ರತಿ ಮಾಡಲು ವಿದ್ವಾಂಸರನ್ನು ನೇಮಿಸಿದರು. ಆ ಕೆಲಸ ಇಪ್ಪತ್ತು ವರ್ಷಕ್ಕೂ ಮೀರಿ ನಡೆಯಿತು. 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಗಿ ಹೊರಬಂತು, ಅದಕ್ಕೆ ಹಣ ಬಂದದ್ದು ಮಧ್ಯ ಭಾರತದ ವಿದಿಶಾದ ಒಬ್ಬ ಶೇಠರ ದತ್ತಿಯಿಂದ. ಪುಸ್ತಕ ಕಾದವರು ಮೂಡುಬಿದಿರೆಯವರು, ಖರ್ಚು ಹೊತ್ತವರು ಸಾವಿರ ಕಿಲೋಮೀಟರ್ ಆಚೆಯವರು. ಒಂದೇ ಸಲ ಕೊಟ್ಟು ಮರೆಯದೆ, ಪ್ರತಿಕಾರರ ಸಂಬಳವನ್ನು ವರ್ಷ ವರ್ಷ ನಡೆಸಿಕೊಂಡು ಹೋದದ್ದೇ ಅದರ ಗುಟ್ಟು.

ನಮ್ಮ ಚರಿತ್ರೆಯಲ್ಲೂ ಉದಾಹರಣೆಗೆ ಬರಗಾಲ ಇಲ್ಲ. ಭೂಗೋಳ ಶಾಸ್ತ್ರಜ್ಞ ಯಾಕೂತ್ ಅಲ್ ಹಮವಿ 13ನೇ ಶತಮಾನದ ಮೊದಲ ಭಾಗದಲ್ಲಿ ಖುರಾಸಾನಿನ ಮರ್ವ್ ಪಟ್ಟಣದಲ್ಲಿ ಸುಮಾರು ಮೂರು ವರ್ಷ ಇದ್ದರು. ಅಲ್ಲಿ ವಕ್ಫ್ ಆಗಿ ನಡೆಯುತ್ತಿದ್ದ ಹತ್ತು ಗ್ರಂಥಾಲಯಗಳನ್ನು ಕಂಡದ್ದಾಗಿ ಬರೆದಿದ್ದಾರೆ. ಅವುಗಳಲ್ಲಿ ಒಂದು, ಅಝೀಝಿಯ್ಯಾ ಎಂಬುದು, ಸುಮಾರು 12 ಸಾವಿರ ಗ್ರಂಥಗಳದ್ದು. ಅದನ್ನು ವಕ್ಫ್ ಮಾಡಿದ ವ್ಯಕ್ತಿ ಮೊದಲು ಮರ್ವ್‌ನ ಸಂತೆಯಲ್ಲಿ ಹಣ್ಣು, ಹೂ ಮಾರುತ್ತಿದ್ದವರು. ಪರದೇಶಿಯಾದ ಯಾಕೂತರ ಕೋಣೆಯಲ್ಲಿ ಯಾವಾಗಲೂ ಇನ್ನೂರಕ್ಕೂ ಹೆಚ್ಚು ಪುಸ್ತಕ ಇರುತ್ತಿದ್ದವಂತೆ, ಹೆಚ್ಚಿನವಕ್ಕೆ ಅಡವು ಕೂಡ ಕೇಳಿರಲಿಲ್ಲ. ನಮ್ಮಲ್ಲಿ ಹಣ್ಣು, ಮೀನು, ಅಡಿಕೆ, ಗುಜರಿ ವ್ಯಾಪಾರ ಮಾಡುವವರಿಗೆ ‘ಲೈಬ್ರೆರಿ ಎಲ್ಲ ಕಲಿತವರ ಕೆಲಸ’ ಎಂದು ತೋರಿದರೆ ಈ ಹಣ್ಣಿನ ವ್ಯಾಪಾರಿಯನ್ನು ನೆನಪು ಮಾಡಿಕೊಳ್ಳಲಿ.

ವಕ್ಫ್ ಎಂದರೆ ಮೂಲ ಹಾಗೇ ಇದ್ದು ಅದರ ಫಲ ಮಾತ್ರ ಬಳಕೆ ಆಗುವುದು. ಲೈಬ್ರೆರಿಗೆ ಬೇಕಾದದ್ದು ಇದೇ ಬಗೆಯ ಹಣ. ಒಂದು ಸಣ್ಣ ಅಂಗಡಿ ಕೋಣೆಯ ಬಾಡಿಗೆಯೋ, ಹತ್ತು ತೆಂಗಿನ ಮರದ ಫಸಲೋ ಲೈಬ್ರೆರಿಗೆ ಎಂದು ಗೊತ್ತು ಮಾಡಿದರೆ ಅದು ಸದಕತುಲ್ ಜಾರಿಯಾ ಎಂಬ ಮಾತಿಗೆ ಅರ್ಥ ಕೊಡುತ್ತದೆ.

ಈಗಾಗಲೇ ಇರುವ ಕೋಣೆ

ಹೊಸ ಕಟ್ಟಡ ಕಟ್ಟುವ ಮುಂಚೆ ಊರಲ್ಲಿ ಇರುವುದನ್ನು ನೋಡಬೇಕು. ಕರ್ನಾಟಕದಲ್ಲಿ 5,600ರಷ್ಟು ಗ್ರಾಮ ಪಂಚಾಯತ್ ಗ್ರಂಥಾಲಯಗಳಿವೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರ ನವೆಂಬರ್ 14ರಂದು ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ ಆಯಿತು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು. ನಮ್ಮ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಎಂದು ನಾವೇ ಹಣ ಕಟ್ಟುತ್ತೇವೆ. ಹಾಗಾಗಿ ಅದು ನಮ್ಮದೂ ಹೌದು. ನಿಮ್ಮ ಮಗು ಅದರ ಸದಸ್ಯನೋ ಎಂದು ಕೇಳಿದರೆ ಹೆಚ್ಚಿನ ಉಮ್ಮಂದಿರಿಗೆ ಅಂತದ್ದೊಂದು ಉಂಟೆಂದೇ ಗೊತ್ತಿರಲಿಕ್ಕಿಲ್ಲ.

ಈ ಕೇಂದ್ರಗಳಿಗೆ ಸಾರ್ವಜನಿಕರಿಂದಲೂ ಪುಸ್ತಕ ದಾನ ಪಡೆಯುವ ಕ್ರಮ ಇದೆ. ಪಂಚಾಯತ್ ಕೇಂದ್ರ ಹತ್ತಿರ ಇರುವಲ್ಲಿ ಜಮಾಅತ್ ಬೇರೆ ಲೈಬ್ರೆರಿ ಕಟ್ಟುವುದಕ್ಕಿಂತ, ಅಲ್ಲಿಗೆ ಮಕ್ಕಳ ಪುಸ್ತಕ ತರಿಸಿಕೊಟ್ಟು ನಮ್ಮ ಮಕ್ಕಳನ್ನು ಎಲ್ಲರ ಮಕ್ಕಳ ಜೊತೆ ಕೂರಿಸುವುದೇ ಲೇಸು. ದೂರ ಇರುವಲ್ಲಿ, ಹೆಣ್ಣು ಮಕ್ಕಳು ಸಂಜೆ ನಡೆದು ಹೋಗಲು ಕಷ್ಟ ಆಗುವಲ್ಲಿ, ಮದ್ರಸದ ಒಂದು ಕೋಣೆಯನ್ನು ಸಂಜೆ ಬಿಟ್ಟುಕೊಡಬಹುದು. ಮದ್ರಸ ಹೆಚ್ಚಿನ ಕಡೆ ಬೆಳಗ್ಗೆಯೇ ಮುಗಿಯುತ್ತದೆ, ದಿನದ ಉಳಿದ ಹೊತ್ತು ಕೋಣೆ ಖಾಲಿ.

ಗಡಿ ದಾಟಿ ಕಾಸರಗೋಡಿನ ಕಡೆ ನೋಡಿದರೆ ಇನ್ನೊಂದು ಮಾದರಿ ಇದೆ. ಕೇರಳದ ಗ್ರಂಥಾಲಯ ಚಳವಳಿ 1945ರಲ್ಲಿ ಪಿ.ಎನ್. ಪಣಿಕ್ಕರ್ ಅವರಿಂದ ಸಂಘಟಿತ ರೂಪ ಪಡೆಯಿತು. ಅಲ್ಲಿ ಲೈಬ್ರೆರಿ ನಡೆಸುವುದು ಊರಿನವರ ಸಮಿತಿ, ಅನುದಾನ ಕೊಡುವುದು ಲೈಬ್ರೆರಿ ಕೌನ್ಸಿಲ್. ಮಕ್ಕಳಿಗೆ ‘ಬಾಲವೇದಿ’ ಎಂಬ ಪ್ರತ್ಯೇಕ ಕೂಟ. ಊರಿನ ಸಮಿತಿ ಗಟ್ಟಿ ಇದ್ದರೆ ಹೊರಗಿನ ಹಣಕ್ಕೆ ಬೆಲೆ ಬರುತ್ತದೆ ಎಂಬುದನ್ನು ಅವರನ್ನು ನೋಡಿ ಕಲಿಯಬಹುದು.

ಲೆಕ್ಕ ಹಾಕಿ ನೋಡೋಣ

ಮಾತು ಸಾಕು, ಒಂದು ಅಂದಾಜು ಲೆಕ್ಕ ಇಟ್ಟುಕೊಳ್ಳೋಣ. ದಿನಾ ಸಂಜೆ ಎರಡು ಗಂಟೆ ಬಾಗಿಲು ತೆಗೆದು ಕೂರುವ, ಪಿಯುಸಿ ಮುಗಿಸಿದ ಊರಿನ ಒಬ್ಬ ಹುಡುಗಿಗೆ ಗೌರವಧನ 4,000 ರೂ. ಪೇಪರ್, ಮಕ್ಕಳ ಪತ್ರಿಕೆಗೆ 500. ಕರೆಂಟಿಗೆ 500. ಹೊಸ ಪುಸ್ತಕಕ್ಕೆ 1,500. ಬೈಂಡಿಂಗ್, ರಿಪೇರಿಗೆ 500. ಒಟ್ಟು ತಿಂಗಳಿಗೆ 7,000, ವರ್ಷಕ್ಕೆ 84,000 ರೂಪಾಯಿ. ಒಬ್ಬನೇ ಕೊಡುವುದಾದರೆ ಇದು ಭಾರ. 35 ಮಂದಿ ತಿಂಗಳಿಗೆ 200 ರೂಪಾಯಿಯಂತೆ ಕೊಟ್ಟರೆ ಆಯಿತು. ಗಲ್ಫಿನಲ್ಲಿ ಇರುವವನಿಗೆ ಇನ್ನೂರು ರೂಪಾಯಿ ಎಂದರೆ ಹೆಚ್ಚೆಂದರೆ ಒಂದು ಹೊತ್ತಿನ ಊಟದ ಖರ್ಚು.

‘35 ಮಂದಿಯ ಹಿಂದೆ ಓಡುವುದಕ್ಕಿಂತ ಒಬ್ಬ ಹಾಜಿಯವರನ್ನು ಹಿಡಿದರೆ ಸುಲಭ ಅಲ್ಲವಾ’ ಎಂದು ಕೇಳಬಹುದು. ಸುಲಭ ಹೌದು, ಆದರೆ ಅಪಾಯ. ಸೌದಿಯಲ್ಲಿ ನಿತಾಕತ್ ಬಂದಾಗ, ಕೊರೊನಾ ಬಂದಾಗ ಒಳ್ಳೊಳ್ಳೆಯ ಅಂಗಡಿಗಳು ಮುಚ್ಚಿದ್ದನ್ನು ನಾವೇ ಕಂಡಿದ್ದೇವೆ. ಒಬ್ಬರನ್ನೇ ನಂಬಿದ ಲೈಬ್ರೆರಿ ಅವರ ವ್ಯಾಪಾರ ಬಿದ್ದ ತಿಂಗಳೇ ಮುಚ್ಚುತ್ತದೆ, ಅವರಿಗೂ ಮುಜುಗರ. 35 ಮಂದಿಯಲ್ಲಿ ನಾಲ್ವರು ನಿಲ್ಲಿಸಿದರೆ 800 ರೂಪಾಯಿ ಕಡಿಮೆ, ಬಾಗಿಲು ತೆರೆದೇ ಇರುತ್ತದೆ. ಇನ್ನೊಂದು ಲಾಭವೂ ಉಂಟು. ಇನ್ನೂರು ಕೊಡುವವರಲ್ಲಿ ಡ್ರೈವರ್, ಸೇಲ್ಸ್‌ಮ್ಯಾನ್, ಕಫೆಟೇರಿಯಾದವರು ಎಲ್ಲರೂ ಸೇರುತ್ತಾರೆ. ಲೈಬ್ರೆರಿ ದೊಡ್ಡವರ ಉಪಕಾರ ಆಗದೆ ಎಲ್ಲರ ಸೊತ್ತಾಗುತ್ತದೆ.

ಹೊರಗಿರುವ ನಮ್ಮವರಿಗೆ ಸೇರಿ ಕೆಲಸ ಮಾಡುವ ಅಭ್ಯಾಸ ಇಲ್ಲದ್ದಲ್ಲ. ಬಂಟ್ವಾಳದ ಕಾವಳಕಟ್ಟೆಯಲ್ಲಿ ಹಿದಾಯ ಫೌಂಡೇಶನ್ನಿನ ಕಾಲನಿ, ಕಾಶಿಪಟ್ಣದ ದಾರುನ್ನೂರ್ ಶಿಕ್ಷಣ ಕೇಂದ್ರ, ಇವುಗಳ ಬೆನ್ನ ಹಿಂದೆ ಗಲ್ಫಿನಲ್ಲಿರುವವರ ಸಮಿತಿಗಳ ದುಡಿಮೆ ಇದೆ. ಅಬುಧಾಬಿಯ ಬ್ಯಾರೀಸ್ ವೆಲ್ಫೇರ್ ಫೋರಂನಂತಹ ಸಂಘಟನೆಗಳು ಊರಿನ ಕೆಲಸಕ್ಕೆ ವರ್ಷಗಳಿಂದ ಹೆಗಲು ಕೊಟ್ಟಿವೆ. ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಒಂದು ಕೋಣೆಯ ಲೈಬ್ರೆರಿ ಭಾರ ಆಗಲಾರದು.

ಕಾನೂನು ಮತ್ತು ನಂಬಿಕೆ

ಹಣದ ವಿಷಯದಲ್ಲಿ ಕೆಲವು ಮಾತು ಸ್ಪಷ್ಟ ಇರಬೇಕು. ಭಾರತದ ಪಾಸ್‌ಪೋರ್ಟ್ ಹೊಂದಿರುವ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಊರಿನ ಸಂಸ್ಥೆಗೆ ಕಳಿಸುವ ಹಣ 2010ರ ಎಫ್‌ಸಿಆರ್‌ಎ ಕಾಯ್ದೆಯಲ್ಲಿ ವಿದೇಶಿ ದೇಣಿಗೆ ಎಂದು ಲೆಕ್ಕವಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ವಿದೇಶಿ ಕಂಪನಿ ಅಥವಾ ಸಂಸ್ಥೆ ಕೊಟ್ಟರೆ ಅದು ವಿದೇಶಿ ದೇಣಿಗೆಯೇ. ಅದಕ್ಕೆ ನೋಂದಣಿ ಇಲ್ಲದೆ ಮುಟ್ಟಬಾರದು. ಕೊಟ್ಟವರ ಪಾಸ್‌ಪೋರ್ಟ್ ಪ್ರತಿ ಫೈಲಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಕೈಯಿಂದ ಕೈಗೆ ಬರುವ ಹಣದ ಗೊಡವೆ ಬೇಡ.

ಅಲ್ಲಿನ ಕಾನೂನನ್ನೂ ನೋಡಬೇಕು. ಯುಎಇಯಲ್ಲಿ 2021ರಲ್ಲಿ ಬಂದ ಕಾನೂನಿನಂತೆ, ಪರವಾನಗಿ ಇಲ್ಲದವರು ಸಾರ್ವಜನಿಕರಿಂದ ದೇಣಿಗೆ ಎತ್ತುವುದು ಅಪರಾಧ. ವಾಟ್ಸಾಪಿನಲ್ಲಿ ‘ನಮ್ಮ ಊರಿನ ಲೈಬ್ರೆರಿಗೆ ಹಣ ಹಾಕಿ’ ಎಂದು ಹಂಚಿ ಯಾರಾದರೂ ಸಿಕ್ಕಿಬಿದ್ದರೆ ಅವನ ಕೆಲಸವೇ ಹೋದೀತು. ಅಲ್ಲಿ ಯಾರೂ ಹಣ ಕೂಡಿಸುವುದು ಬೇಡ. ಊರಲ್ಲಿ ಒಂದು ನೋಂದಾಯಿತ ಟ್ರಸ್ಟ್ ಅಥವಾ ಸಂಘದ ಖಾತೆ ಇರಲಿ. ಮನಸ್ಸಿದ್ದವರು ತಮ್ಮ ಊರಿನ ಬ್ಯಾಂಕ್ ಖಾತೆಯಿಂದ ತಿಂಗಳು ತಿಂಗಳು ತಾನಾಗಿ ಹೋಗುವಂತೆ ಮಾಡಿಟ್ಟರೆ ಕೇಳುವ, ನೆನಪಿಸುವ ಕೆಲಸ ಇಲ್ಲ.

ಹಣ ಕೊಟ್ಟವನಿಗೆ ಲೆಕ್ಕ ಕೊಡಬೇಕು. ಆ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು, ಎಷ್ಟು ಮಕ್ಕಳು ಎಷ್ಟು ಪುಸ್ತಕ ಮನೆಗೆ ಒಯ್ದರು ಎಂದು ಒಂದೇ ಹಾಳೆಯಲ್ಲಿ ಬರೆದು ಬಾಗಿಲಿಗೆ ಅಂಟಿಸಿ, ಅದೇ ಹಾಳೆಯ ಫೋಟೊ ದೂರದವರಿಗೆ ಕಳಿಸಿದರೆ ಸಾಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಪುಸ್ತಕ ಹಿಡಿಸಿ ಥ್ಯಾಂಕ್ಸ್ ಹೇಳಿಸುವ ವೀಡಿಯೊ ಬೇಡವೇ ಬೇಡ. ಮಗು ಓದಲು ಬಂದದ್ದು, ಋಣ ತೀರಿಸಲು ಬಂದದ್ದಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಮಕ್ಕಳಿಗೆ ಪಾಠ ಮಾಡುವ ನಾವು ಅದನ್ನು ಅವರ ಎದುರಲ್ಲೇ ಮುರಿಯುವುದು ಸರಿಯಲ್ಲ.

ಹಣ ಇಲ್ಲದೆಯೂ ಕೊಡಬಹುದು

ದೂರದವರು ಕೊಡಬಹುದಾದ್ದು ಹಣ ಒಂದೇ ಅಲ್ಲ. ಬೆಂಗಳೂರಿನಲ್ಲಿ ಇರುವವರು ಕನ್ನಡ ಪುಸ್ತಕದಂಗಡಿಗಳಿಂದ ಆರಿಸಿ ಕಳಿಸಬಹುದು. ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್ ಇವರ ಮಕ್ಕಳ ಪುಸ್ತಕ ಕಡಿಮೆ ಬೆಲೆಗೆ ಸಿಗುತ್ತವೆ. ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಶುರು ಮಾಡಿದೆ. 300 ಗ್ರಾಂ ತೂಕದ ಪುಸ್ತಕಕ್ಕೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಕೊರಿಯರಿಗೆ ಹೋಲಿಸಿದರೆ ತುಂಬಾ ಅಗ್ಗ. ಕಳಿಸುವ ಮುಂಚೆ ಲೈಬ್ರೆರಿಯವರನ್ನು ಒಂದು ಮಾತು ಕೇಳಿ. ಮಕ್ಕಳು ಯಾವ ಪುಸ್ತಕ ಕೇಳಿದ್ದಾರೆ ಎಂದು ಅಲ್ಲಿ ಒಂದು ಪುಸ್ತಕದಲ್ಲಿ ಬರೆದಿಟ್ಟಿರಬೇಕು, ಅದರಂತೆ ಕಳಿಸಿದರೆ ಒಂದೂ ಹಾಳಾಗುವುದಿಲ್ಲ.

ಪ್ರಥಮ್ ಬುಕ್ಸ್‌ನವರು 2015ರಲ್ಲಿ ‘ಸ್ಟೋರಿವೀವರ್’ ಎಂಬ ತಾಣ ತೆರೆದರು. ಅಲ್ಲಿ ಕನ್ನಡವೂ ಸೇರಿ ಅನೇಕ ಭಾಷೆಯ ಚಿತ್ರಕತೆಗಳು ಉಚಿತ. ಓದಬಹುದು, ಪ್ರಿಂಟ್ ತೆಗೆಯಬಹುದು, ಬೇರೆ ಭಾಷೆಗೆ ಅನುವಾದವನ್ನೂ ಮಾಡಬಹುದು. ದಮಾಮಿನ ರೂಮಿನಲ್ಲಿ ಶುಕ್ರವಾರ ಬಿಡುವಿರುವ ಒಬ್ಬ ಯುವಕ ತಿಂಗಳಿಗೆ ಒಂದು ಕತೆಯನ್ನು ಕನ್ನಡ ಲಿಪಿಯಲ್ಲಿ ಬ್ಯಾರಿಗೆ ತಂದರೆ, ವರ್ಷಕ್ಕೆ ಹನ್ನೆರಡು ಬ್ಯಾರಿ ಪುಸ್ತಕ ನಮ್ಮ ಸಣ್ಣ ಮಕ್ಕಳಿಗೆ ಸಿಗುತ್ತದೆ. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲಿ ಸ್ಥಾಪನೆ ಆದಂದಿನಿಂದ ನಮ್ಮ ಭಾಷೆಯಲ್ಲಿ ಬರೆಯುವವರು ಬೆಳೆದಿದ್ದಾರೆ, ಆದರೆ ಮಗು ಹಿಡಿದು ಓದುವ ಚಿತ್ರದ ಪುಸ್ತಕದ ಹಸಿವು ಹಾಗೇ ಉಳಿದಿದೆ.

ಸಮಯ ಕೊಡುವುದೂ ದಾನವೇ. ವಾರಕ್ಕೆ ಅರ್ಧ ಗಂಟೆ ವೀಡಿಯೊ ಕರೆಯಲ್ಲಿ ಮಕ್ಕಳಿಗೆ ಒಂದು ಕತೆ ಓದಿ ಹೇಳಬಹುದು. ತಾನು ಕೆಲಸ ಮಾಡುವ ಬಂದರು, ಆಸ್ಪತ್ರೆ, ಎಣ್ಣೆ ಕಂಪನಿ ಹೇಗೆ ನಡೆಯುತ್ತದೆ ಎಂದು ಹೇಳಬಹುದು. ಬಾಪ ಅಲ್ಲಿ ಎಂತ ಕೆಲಸ ಮಾಡುತ್ತಾರೆ ಎಂದು ಸರಿಯಾಗಿ ಗೊತ್ತಿಲ್ಲದ ಮಕ್ಕಳು ನಮ್ಮಲ್ಲಿ ಎಷ್ಟು ಮಂದಿ!

ರಜೆಗೆ ಬರುವವರಿಗೆ ಒಂದು ಕೋರಿಕೆ. ಸೂಟ್‌ಕೇಸಿನಲ್ಲಿ ಟ್ಯಾಂಗ್, ಅತ್ತರ್, ಬ್ಲಾಂಕೆಟ್ ನಡುವೆ ಎರಡು ಚಿತ್ರದ ಪುಸ್ತಕಕ್ಕೆ ಜಾಗ ಸಿಕ್ಕೀತು. ಊರಿಗೆ ಮುಟ್ಟಿದ ಮೇಲೆ ಒಂದು ಸಂಜೆ ನಿಮ್ಮ ಪಂಚಾಯತಿನ ಅರಿವು ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಹತ್ತಿರ ಮೂರು ಪ್ರಶ್ನೆ ಕೇಳಿ. ನಮ್ಮ ಮೊಹಲ್ಲಾದ ಎಷ್ಟು ಮಕ್ಕಳು ಇಲ್ಲಿ ಸದಸ್ಯರು? ಕಳೆದ ತಿಂಗಳು ಎಷ್ಟು ಪುಸ್ತಕ ಮನೆಗೆ ಹೋಯಿತು? ನಿಮಗೆ ತಿಂಗಳು ತಿಂಗಳು ಕೊರತೆ ಆಗುವುದು ಯಾವುದು? ಮೂರನೆಯ ಪ್ರಶ್ನೆಯ ಉತ್ತರವನ್ನು ಜಮಾಅತಿನ ಸಭೆಯಲ್ಲಿ ಓದಿ ಹೇಳಿ, ವಾಪಸು ಹೋಗಿ ನಿಮ್ಮ ರೂಮಿನ ಗೆಳೆಯರಿಗೂ ತಿಳಿಸಿ. ಗೋಡೆಯ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬಾರದಿದ್ದರೂ, ಸಂಜೆ ಐದಕ್ಕೆ ಬಾಗಿಲು ತೆರೆದಿದ್ದರೆ ಆಯಿತು.